ಆಕಾಶದ ಬೋರ್ಡು ನೋಡಿ ಬಂದದ್ದು

ಇಮಿಗ್ರೇಷನ್ನಿನಲ್ಲಿ "ಯಾಕೆ ಬಂದೆ?" ಎಂದು ಕೇಳಿದಾಗ ನಾಲಿಗೆ ಒಣಗಿ, ಬಂದ ಕಾರಣವೇ ಮರೆತುಹೋಗಬಹುದಿತ್ತು. ಪಾಸ್‌ಪೋರ್ಟಿನಲ್ಲಿ ನನ್ನ ಇನಿಷಿಯಲ್ಲು ಮುಂದಿನದು ಹಿಂದಾಗಿರುವುದರಿಂದ ನಾನು ನಾನಲ್ಲವೆಂದು ಅವರು ತೀರ್ಮಾನಿಸಬಹುದಿತ್ತು. ಚಟ್ನಿಪುಡಿಯ ಪೊಟ್ಟಣ ಮೂಸಿದ ನಾಯಿ ಬೊಗಳಬಹುದಿತ್ತು. ಬೊಗಳದಿದ್ದರೆ ಸೀನಬಹುದಿತ್ತು, ಅದೂ ಕೇಸಾಗಬಹುದಿತ್ತು. ವಿಮಾನದಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿ, ಈಚೆ ಕೂತ ಇಬ್ಬರು ನಿದ್ದೆ ಹೋಗಿ, ಎಬ್ಬಿಸುವ ಧೈರ್ಯ ಸಾಲದೆ ಊರು ಬರುವವರೆಗೂ ಉಚ್ಚೆ ಕಟ್ಟಿಕೊಂಡು ಕೂರಬೇಕಾಗಬಹುದಿತ್ತು. ನಡುದಾರಿಯಲ್ಲಿ ವಿಮಾನ ಬದಲಿಸುವಾಗ ಇನ್ಯಾವುದೋ ದೇಶದ್ದನ್ನು ಹತ್ತಿಬಿಡಬಹುದಿತ್ತು. ಸಸ್ಯಾಹಾರವೆಂದು ಮೀನು ಕೊಡಬಹುದಿತ್ತು, ಸಂಕೋಚಕ್ಕೆ ನಾನು ತಿಂದುಬಿಡಬಹುದಿತ್ತು. ನಲ್ಲಿ ತಿರುಗಿಸಲು ಬಾರದೆ ಬಿಸಿನೀರಲ್ಲಿ ಬೆಂದುಹೋಗಬಹುದಿತ್ತು. ಜಾಹೀರಾತು ಎಳೆಯುವ ಪುಟ್ಟ ವಿಮಾನದ ಕೊಕ್ಕೆ ಬ್ಯಾನರಿನ ಹಗ್ಗ ಬಿಟ್ಟು ನನ್ನ ಕಾಲರಿಗೇ ಸಿಕ್ಕಿ, ನಾನು ಅಟ್ಲಾಂಟಿಕ್ ಸಮುದ್ರದ ಮೇಲೆ ಬಿಟ್ಟಿ ಜಾಹೀರಾತಾಗಿ ತೂಗಾಡಬಹುದಿತ್ತು. ಇತ್ತ ಮಳವಳ್ಳಿಯಲ್ಲಿ ಅಂಗಡಿಗೆ ಹೆಗ್ಗಣ ನುಗ್ಗಿ ಮೆಷಿನ್ನಿನ ವೈರು ಕಡಿಯಬಹುದಿತ್ತು. ನಾನು ಆ ದೇಶದಲ್ಲೇ ಸತ್ತರೆ ಹೆಣ ಯಾರಿಗೆ ಕಳಿಸಬೇಕೆಂದು ತಿಳಿಯದೆ ಅವರು ಕಕ್ಕಾಬಿಕ್ಕಿಯಾಗಬಹುದಿತ್ತು.

ಹೊರಡುವ ಮುಂಚಿನ ವಾರ ಇವನ್ನೆಲ್ಲ ಹಳೇ ಕ್ಯಾಲೆಂಡರಿನ ಹಿಂಬದಿಗೆ ಬರೆದಿಟ್ಟೆ. ಬರೆದಿಟ್ಟರೆ ಆಗುವುದಿಲ್ಲ ಎನ್ನುವುದು ನನ್ನ ಅನುಭವ. ಆಗಲಿಲ್ಲ.

ಮಳವಳ್ಳಿ

ನನ್ನದು ಫ್ಲೆಕ್ಸ್ ಮುದ್ರಿಸುವ ಅಂಗಡಿ. ಅದಕ್ಕೂ ಮೊದಲು ಬ್ರಶ್ಶು ಹಿಡಿದು ಬೋರ್ಡು ಬರೆಯುತ್ತಿದ್ದೆ. ಹೆಸರು ಶ್ರೀಕಂಠ, ವಯಸ್ಸು ಐವತ್ತೆರಡು, ಮದುವೆಯಾಗಿಲ್ಲ. ಹೆಣ್ಣು ನೋಡಲು ಹೋದಾಗಲೆಲ್ಲ ಮುಂದೆ ಏನೇನು ಎಡವಟ್ಟಾಗಬಹುದೆಂದು ಯೋಚಿಸುತ್ತ ಕೂತೆ. ಅಷ್ಟರಲ್ಲಿ ಆ ಹೆಣ್ಣುಗಳಿಗೆಲ್ಲ ಬೇರೆ ಕಡೆ ಮದುವೆಯಾಗಿ, ಮಕ್ಕಳಾಗಿ, ಆ ಮಕ್ಕಳ ನಾಮಕರಣದ ಫ್ಲೆಕ್ಸನ್ನೂ ನಾನೇ ಮುದ್ರಿಸಿಕೊಟ್ಟೆ.

ಚಿಕ್ಕೇಗೌಡ, ನನ್ನ ಬಾಯಲ್ಲಿ ಚಿಕ್ಕ, ನನ್ನ ಜೊತೆ ಮದ್ದೂರಿನಲ್ಲಿ ಹೈಸ್ಕೂಲು ಓದಿದವನು, ಆತಗೂರು ಕಡೆಯವನು. ಆಟೋಗೆ ಮೈಕು ಕಟ್ಟಿಕೊಂಡು ಊರೂರು ಸುತ್ತಿ ಪ್ರಚಾರ ಮಾಡುವುದು ಅವನ ಕಸುಬು. "ಬನ್ನಿ, ಬನ್ನಿ, ಸೀರೆಗಳ ಭರ್ಜರಿ ಮಾರಾಟ" ಎನ್ನುವ ದನಿಯನ್ನು ಮಂಡ್ಯ ಜಿಲ್ಲೆಯಲ್ಲಿ ನೀವು ಯಾವುದಾದರೂ ಸಂತೆಯ ದಿನ ಕೇಳಿದ್ದರೆ ಅದು ಅವನದೇ ಇರಬೇಕು. ಶಾಲೆ ಬಿಟ್ಟ ಮೇಲೆ ಅವನಿಗೆ ಹೆಂಡತಿ, ಮಕ್ಕಳು, ಬೀಗರು, ಪಂಚಾಯ್ತಿ ರಾಜಕೀಯ, ಹೀಗೆ ಜನವೋ ಜನ. ನಾವು ಮೂವತ್ತು ವರ್ಷ ಭೇಟಿಯಾದದ್ದು ಮದುವೆ ಊಟದ ಪಂಕ್ತಿಗಳಲ್ಲಿ ಮಾತ್ರ. ಎಲೆ ಎತ್ತಿದ ಮೇಲೆ ಅವನು ಅತ್ತ, ನಾನು ಇತ್ತ.

ಒಂದು ಸಂಜೆ ಇದ್ದಕ್ಕಿದ್ದಂತೆ ಅವನ ಫೋನು ಬಂತು.

"ಲೇ ಸೀಕಂಠ, ಒಂದ್ ವಿಡ್ಯೋ ಕಳ್ಸಿವ್ನಿ, ನೋಡ್ಲಾ."

ನೋಡಿದೆ. ಯಾವುದೋ ಕಡಲ ದಂಡೆಯ ಮೇಲೆ ಪುಟ್ಟ ವಿಮಾನವೊಂದು ಉದ್ದನೆಯ ಬಾಲದಂತೆ ಅಕ್ಷರಗಳನ್ನು ಎಳೆದುಕೊಂಡು ಹೋಗುತ್ತಿತ್ತು. ಯಾವುದೋ ಏಡಿ ಹೋಟೆಲಿನವನು ಸಂಜೆ ಊಟಕ್ಕೆ ಬನ್ನಿ ಎಂದು ಕರೆಯುತ್ತಿದ್ದ.

"ಇಂಗೇ ನಮ್ ಮಂಡ್ಯದ ಮ್ಯಾಲೆ ಎಳ್ಸುದ್ರೆ ಎಂಗಿರ್ತದೆ? ಬೆಲ್ಲದ ಮಂಡಿಯವ್ನು, ಟೂಷನ್ ಮೇಷ್ಟ್ರು, ಓಟ್ಲಿನವ್ನು ಎಲ್ಲಾ ನಮ್ ಇಂದೇ ಬತ್ತಾರೆ. ನಿಂದು ಅಕ್ಸರ, ನಂದು ಬಾಯಿ. ಏನಂತೀಯ?"

ಏನೇನು ತಪ್ಪಾಗಬಹುದೆಂದು ಹೇಳತೊಡಗಿದೆ. ಅವನು ಫೋನು ಇಟ್ಟ. ಮಾರನೆಯ ದಿನ ಸಂಜೆ ಐದಕ್ಕೆ ಮತ್ತೆ ಮಾಡಿದ. ಅದರ ಮಾರನೆಯ ದಿನವೂ. ಮದ್ದೂರಿನ ಟೀ ಅಂಗಡಿಯ ಬೆಂಚಿನ ಮೇಲೆ ಗ್ಲಾಸು ಹಿಡಿದು ಕೂತನೆಂದರೆ ನನ್ನ ಫೋನು ಬಡಿದುಕೊಳ್ಳುವುದು. ಎಂಟು ತಿಂಗಳು ಒಂದು ದಿನವೂ ತಪ್ಪಲಿಲ್ಲ. ಮಾತು ವಿಮಾನದಿಂದ ಶುರುವಾಗಿ ಅವನ ಮಂಡಿನೋವು, ಕಬ್ಬಿನ ಲಾರಿ, ನಮ್ಮ ಲೆಕ್ಕದ ಮೇಷ್ಟರ ಕೊಡೆ ಎಂದೆಲ್ಲ ಹೋಗಿ ವಿಮಾನಕ್ಕೇ ಬಂದು ಇಳಿಯುತ್ತಿತ್ತು. ನಾನು ನಾಲ್ಕೂಮುಕ್ಕಾಲಕ್ಕೇ ಮೆಷಿನ್ನು ನಿಲ್ಲಿಸಿ ಕೈ ತೊಳೆದು ಕೂರುವುದನ್ನು ಕಲಿತೆ. ಈ ಯೋಜನೆ ನಿಂತರೆ ಆ ಫೋನೂ ನಿಲ್ಲುತ್ತದೆ. ಕ್ಯಾಲೆಂಡರಿನ ಹಿಂದೆ ಬರೆಯಲು ಧೈರ್ಯವಾಗದ ಚಿಂತೆ ಅದೊಂದೇ.

ಕೊನೆಗೆ ಆ ವಿಡಿಯೋದಲ್ಲಿದ್ದ ದೇಶದ ಒಂದು ಸಣ್ಣ ಬ್ಯಾನರು ಕಂಪನಿಗೆ ನಾನೇ ಇಂಗ್ಲಿಷಿನಲ್ಲಿ ಕಾಗದ ಬರೆದೆ. ನಡೆಸುವವಳು ಮಾರ್ಜ್ ಎಂಬ ಮುದುಕಿ. ಎರಡೇ ಸಾಲು ಉತ್ತರ ಬಂತು: ಕಾಗದದಲ್ಲಿ ಹೇಳಿದರೆ ತಿಳಿಯುವುದಿಲ್ಲ. ಬಂದು ಒಂದು ವಾರ ನೋಡಿ.

ಚೆನ್ನೈ

ವೀಸಾ ಸಂದರ್ಶನಕ್ಕೆ ಇಬ್ಬರೂ ಹೋದೆವು. ನಾನು ರೇಷನ್ ಕಾರ್ಡಿನಿಂದ ಹಿಡಿದು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯವರೆಗೆ ನಲವತ್ತು ಕಾಗದಗಳ ಫೈಲನ್ನು ಎದೆಗವಚಿಕೊಂಡಿದ್ದೆ. ಕಿಟಕಿಯಾಚೆಯ ಹೆಂಗಸು ಏನು ಕೆಲಸ ಎಂದು ಕೇಳಿದಳು. ದೊಡ್ಡ ಅಕ್ಷರ ಬರೆಯುತ್ತೇನೆ ಎಂದೆ. ಆಯ್ತು, ಹೋಗು ಎಂದಳು. ಫೈಲು ಬಿಚ್ಚಲೇ ಇಲ್ಲ. ನನಗೆ ಸ್ವಲ್ಪ ಬೇಸರವೇ ಆಯಿತು.

ಪಕ್ಕದ ಕಿಟಕಿಯಲ್ಲಿ ಚಿಕ್ಕನನ್ನು ಯಾಕೆ ಹೋಗುತ್ತಿದ್ದೀರಿ ಎಂದು ಕೇಳಿದರು. ಅವನು ಎದೆಯುಬ್ಬಿಸಿ, "ಇಮಾನದ್ ಬಾಲ ನೋಡಕ್ಕೆ" ಎಂದ. ದುಭಾಷಿ ಅದನ್ನು ಹಾಗೆಯೇ ಇಂಗ್ಲಿಷಿಗೆ ತಿರುಗಿಸಿದ. ಅಧಿಕಾರಿ ಮತ್ತೊಮ್ಮೆ ಕೇಳಿದ. ಚಿಕ್ಕ ಕೈಯಲ್ಲಿ ಬಾಲ ಎಷ್ಟುದ್ದ ಇರುತ್ತದೆಂದು ತೋರಿಸಿದ. ಪಾಸ್‌ಪೋರ್ಟು ವಾಪಸು ಬಂತು.

ಅವನಿಗೆ ವೀಸಾ ಸಿಗದಿರಬಹುದೆಂದು ನಾನು ಚಿಂತಿಸಿಯೇ ಇರಲಿಲ್ಲ. ಬೇರೆಯವರಿಗೆ ಆಗುವುದನ್ನೂ ಚಿಂತಿಸುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಹಾಗಾದರೆ ನಾನೂ ಹೋಗುವುದಿಲ್ಲ ಎಂದೆ.

"ಥೂ, ಎದೆಗಾರ್ಕೆ ಇಲ್ದೋನೆ. ಓಗ್ಲಾ. ನಿನ್ ಕಣ್ಣು ಬ್ಯಾರೆ, ನನ್ ಕಣ್ಣು ಬ್ಯಾರೆನಾ? ನೋಡ್ಕಂಡ್ ಬಂದು ಏಳು. ನೀನ್ ಊ ಅಂದ್ರೆ ಊ, ಊಹೂಂ ಅಂದ್ರೆ ಊಹೂಂ."

ಫುಟ್‌ಪಾತಿನಲ್ಲಿ ನಿಂತು ಅವನು ಇಷ್ಟು ಹೇಳಿದಾಗ ನಾನು ಗಮನ ಕೊಡಬೇಕಾಗಿತ್ತು. ನಾನು ಬೆಂಗಳೂರಿಗೆ ಹೋಗುವ ರೈಲು ತಪ್ಪಬಹುದೆಂದು ಯೋಚಿಸುತ್ತಿದ್ದೆ.

ಕಡಲ ದಂಡೆಯ ಊರು, ಭಾನುವಾರ

ಅಟ್ಲಾಂಟಿಕ್ ದಂಡೆಯ ಆ ಊರಿನ ಹೆಸರು ಹೇಳಿದರೆ ನಿಮಗೆ ಗೊತ್ತಾಗುವುದಿಲ್ಲ, ಆತಗೂರು ಎಂದರೆ ಅವರಿಗೆ ಗೊತ್ತಾಗದ ಹಾಗೆ. ಬೇಸಗೆಯಲ್ಲಿ ತುಂಬಿ ಚಳಿಗಾಲದಲ್ಲಿ ಖಾಲಿಯಾಗುವ ಊರು. ಬೀದಿಗಳು ಗುಡಿಸಿದ ಹಾಗಿದ್ದವು. ನಡೆಯುವವರು ಕಡಿಮೆ. ಎದುರಿಗೆ ಸಿಕ್ಕವರೆಲ್ಲ ಹೇಗಿದ್ದೀರಿ ಎಂದು ಕೇಳುತ್ತಿದ್ದರು. ಮೊದಲ ದಿನ ನಾನು ನಿಂತು, ಪ್ರಯಾಣ ಚೆನ್ನಾಗಿತ್ತು, ಸ್ವಲ್ಪ ತಲೆನೋವು ಎಂದು ಉತ್ತರ ಕೊಡುವಷ್ಟರಲ್ಲಿ ಕೇಳಿದವರು ಹತ್ತು ಹೆಜ್ಜೆ ಮುಂದಿರುತ್ತಿದ್ದರು. ಅದು ಪ್ರಶ್ನೆಯಲ್ಲ, ಕೆಮ್ಮಿದ ಹಾಗೆ ಒಂದು ಶಬ್ದ ಎಂದು ತಿಳಿಯಲು ಎರಡು ದಿನ ಹಿಡಿಯಿತು.

ನಮ್ಮಲ್ಲಿ ಮಳವಳ್ಳಿಯಿಂದ ಮಂಡ್ಯಕ್ಕೆ ಬಸ್ಸು ಹತ್ತಿದರೆ ಪಕ್ಕದ ಸೀಟಿನವನು ಯಾವೂರು, ಯಾರ ಪೈಕಿ, ಎಷ್ಟು ಮಕ್ಕಳು ಎಂದು ಕೇಳುತ್ತಾನೆ. ಮದುವೆಯಾಗಿಲ್ಲ ಎಂದರೆ ಯಾಕೆ ಎನ್ನುತ್ತಾನೆ. ದೋಷ ಏನಾದರೂ ಇತ್ತೇ ಎನ್ನುತ್ತಾನೆ. ಈ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳಲು ನಾನು ಮೂವತ್ತು ವರ್ಷ ಡ್ರೈವರಿನ ಹಿಂದಿನ ಒಂಟಿ ಸೀಟಿಗೆ ಓಡಿದವನು. ಆ ಭಾನುವಾರ ಅಲ್ಲಿಯ ಖಾಲಿ ಬಸ್ಸಿನಲ್ಲಿ ಕೂತಾಗ, ಯಾರಾದರೂ ಬಂದು ದೋಷ ಇತ್ತಾ ಎಂದು ಕೇಳಿದರೆ ಅವರ ಕೈ ಹಿಡಿದುಕೊಳ್ಳೋಣ ಎನ್ನಿಸಿತು.

ಹುಲ್ಲಿನ ಮೈದಾನ, ಸೋಮವಾರ

ಮಾರ್ಜ್‌ಗೆ ಎಪ್ಪತ್ತರ ಹತ್ತಿರ. ತೆಳ್ಳಗೆ, ಬಿಸಿಲಿಗೆ ಸುಟ್ಟ ಮೈ, ಗಂಡಸರ ಟೋಪಿ. ಮಾತು ಮಂಡ್ಯದವರ ಹಾಗೇ ನೇರ: ಸಕ್ಕರೆಯಿಲ್ಲ, ಬೆಣ್ಣೆಯೂ ಇಲ್ಲ. ಆದ್ದರಿಂದ ಅವಳ ಇಂಗ್ಲಿಷು ನನಗೆ ಬೇಗ ಹಿಡಿಯಿತು. ಮೊದಲು ಒಂದು ಕಾಗದಕ್ಕೆ ರುಜು ಹಾಕಿಸಿಕೊಂಡಳು. ನನಗೇನಾದರೂ ಆದರೆ ಯಾರಿಗೆ ತಿಳಿಸಬೇಕೆಂಬ ಜಾಗವಿತ್ತು. ಬಹಳ ಹೊತ್ತು ಯೋಚಿಸಿ ಚಿಕ್ಕೇಗೌಡನ ಹೆಸರು ಬರೆದೆ. ಸಂಬಂಧ ಎಂಬಲ್ಲಿ ಬಿಸಿನೆಸ್ ಎಂದು ಬರೆದೆ.

"ಬಿಸಿನೆಸ್ ಅಂದರೆ? ಗೆಳೆಯನೋ, ಪಾಲುದಾರನೋ?"

"ಅದು ಬಿಸಿನೆಸ್ ನಡೆಯುವುದರ ಮೇಲಿದೆ" ಎಂದೆ. ಅವಳು ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ.

ಕೆಲಸ ಹೀಗೆ. ಒಂದೊಂದು ಅಕ್ಷರವೂ ನನ್ನೆತ್ತರದ ಕೆಂಪು ನೈಲಾನು ಬಟ್ಟೆ. ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಅವನ್ನು ಒಂದರ ಪಕ್ಕ ಒಂದು ಹಾಸಿ, ಕಡ್ಡಿ ಸಿಕ್ಕಿಸಿ ಜೋಡಿಸಬೇಕು. ಸಾಲಿನ ತಲೆಗೆ, ಅಂದರೆ ಮೊದಲ ಅಕ್ಷರದ ಕಡೆಗೆ, ಉದ್ದನೆಯ ಹಗ್ಗ. ಹಗ್ಗದ ಕುಣಿಕೆಯನ್ನು ಎರಡು ಗಳಗಳ ನಡುವೆ, ಬಟ್ಟೆ ಒಣಹಾಕುವ ತಂತಿಯ ಹಾಗೆ ತೂಗುಹಾಕುತ್ತಾರೆ. ವಿಮಾನ ನಿಲ್ಲುವುದಿಲ್ಲ. ಅದು ಹದ್ದಿನಂತೆ ಕೆಳಗಿಳಿದು, ಬಾಲದಲ್ಲಿ ನೇತಾಡುವ ಕೊಕ್ಕೆಯಿಂದ ಆ ಕುಣಿಕೆಯನ್ನು ಹಿಡಿದು, ಮೂಗೆತ್ತಿ ಆಕಾಶಕ್ಕೇರುತ್ತದೆ. ಆಮೇಲೆ ಒಂದೊಂದೇ ಅಕ್ಷರ ಹುಲ್ಲು ಬಿಟ್ಟೇಳುತ್ತದೆ, ಚಾಪೆಯಿಂದ ಮಕ್ಕಳು ಎದ್ದ ಹಾಗೆ. ಮೊದಲ ಸಲ ನಾನು ಗಳದಿಂದ ನೂರು ಮಾರು ದೂರ ಓಡಿ, ಕಾಲರು ಹಿಡಿದುಕೊಂಡು ಕುಕ್ಕರಗಾಲಲ್ಲಿ ಕೂತೆ. ಎರಡನೆಯ ಸಲ ಐವತ್ತು ಮಾರು. ಸಂಜೆಯ ಹೊತ್ತಿಗೆ ನಿಂತು ನೋಡಿದೆ. ಮೂವತ್ತು ವರ್ಷ ಗೋಡೆಯ ಮೇಲೆ ಅಕ್ಷರ ಬರೆದಿದ್ದೇನೆ, ಅವು ಹೀಗೆ ಎದ್ದು ಹೋಗುತ್ತವೆ ಎಂದು ಗೊತ್ತಿರಲಿಲ್ಲ.

"ಸಣ್ಣ ಅಂಗಡಿಯವರು ಮಾಡುವ ತಪ್ಪು ಒಂದೇ," ಎಂದಳು ಮಾರ್ಜ್, ಒದ್ದೆ ಹಗ್ಗ ಸುತ್ತುತ್ತ. "ಎಲ್ಲವನ್ನೂ ಹೇಳಬೇಕು ಅನ್ನುತ್ತಾರೆ. ವಿಳಾಸ, ಫೋನು, ಅಪ್ಪನ ಹೆಸರು. ಆಕಾಶದಲ್ಲಿ ಐದು ಮಾತಿಗೆ ಜಾಗ. ಐಸ್‌ಕ್ರೀಮು ಇದೆ, ಇಲ್ಲೇ ಇದೆ. ಅಷ್ಟೇ. ಒಂದು ದಿನ ಹಾರಿಸಿದರೆ ದಂಡ. ವಾರಾವಾರ ಬರಬೇಕು, ನೆಂಟರ ಹಾಗೆ."

ಮರಳು, ಮಂಗಳವಾರ

ಆ ದಿನ ದಂಡೆಗೆ ಹೋಗಿ ಕೂತೆ, ಜನ ಓದುತ್ತಾರೋ ಇಲ್ಲವೋ ನೋಡಲು. ಓದುತ್ತಿದ್ದರು. ಯಾಕೆಂದೂ ತಕ್ಷಣ ಗೊತ್ತಾಯಿತು: ಅವರೆಲ್ಲ ಮಲಗಿದ್ದರು. ಸಾವಿರಾರು ಜನ ಹಾಡಹಗಲು ಅಂಗಾತ ಮಲಗಿ ಆಕಾಶ ನೋಡುತ್ತಿದ್ದರು. ನೋಡಲು ಅಲ್ಲಿ ಬೇರೇನಿಲ್ಲ. ವಿಮಾನ ಬಂದರೆ ಅದೇ ಒಂದು ಸಮಾಚಾರ. ಐಸ್‌ಕ್ರೀಮಿನ ಅಕ್ಷರಗಳು ಹಾದುಹೋದವು. ಹಿಂದೆಯೇ ಎರಡು ಕುಟುಂಬಗಳು ಎದ್ದು ಚಪ್ಪಲಿ ಹುಡುಕಿದವು. ಆ ಅಂಗಡಿಯವನಿಗೆ ನಾನೇ ಓಡಿಹೋಗಿ ಹೇಳೋಣ ಎನ್ನಿಸುವಷ್ಟು ಖುಷಿಯಾಯಿತು.

ಆಮೇಲೆ ಖುಷಿ ಇಳಿಯಿತು. ಮಂಡ್ಯದಲ್ಲಿ ಹಗಲು ಹೊತ್ತು ಅಂಗಾತ ಮಲಗಿರುವವನು ಒಂದೋ ಕುಡಿದಿರಬೇಕು, ಇಲ್ಲ ಆಸ್ಪತ್ರೆಯಲ್ಲಿರಬೇಕು. ಉಳಿದವರೆಲ್ಲ ಗುಂಡಿ ನೋಡಿಕೊಂಡು ನಡೆಯುತ್ತಾರೆ. ತಲೆಯೆತ್ತಿ ನಡೆದರೆ ಬೈಕು ಗುದ್ದುತ್ತದೆ. ಮೇಲ್ಗಡೆಯಾದರೂ ಏನಿದೆ? ಕರೆಂಟಿನ ವೈರು, ಕೇಬಲ್ಲಿನ ವೈರು, ಮರ, ಅದರಾಚೆ ಹೊಗೆ. ಇಲ್ಲಿಯ ವಿಮಾನ ಖಾಲಿ ಸಮುದ್ರದ ಮೇಲೆ ಹಾರುತ್ತದೆ, ಬಿದ್ದರೆ ನೀರಿಗೆ ಬಿತ್ತು. ನಮ್ಮಲ್ಲಿ ಬಿದ್ದರೆ ಯಾರದೋ ಮನೆಯ ಹೆಂಚಿಗೆ, ಇಲ್ಲವೇ ಪೇಟೆ ಬೀದಿಗೆ. ಸಂಜೆಯವರೆಗೂ ಅಲ್ಲೇ ಕೂತೆ. ಯಾವ ಕಡೆಯಿಂದ ತಿರುವಿ ನೋಡಿದರೂ ಉತ್ತರ ಊಹೂಂ ಎಂದೇ ಬರುತ್ತಿತ್ತು.

ಏಳೂವರೆ, ಬುಧವಾರ

ನನ್ನ ಬೆಳಗಿನ ಏಳೂವರೆ ಎಂದರೆ ಮದ್ದೂರಿನ ಸಂಜೆ ಐದು. ಫೋನು ಸರಿಯಾಗಿ ಬಡಿದುಕೊಂಡಿತು.

"ಎಂಗದ್ಲಾ?"

"ಚೆನ್ನಾಗಿದೆ ಕಣೋ" ಎಂದೆ. ಸುಳ್ಳಲ್ಲ, ಚೆನ್ನಾಗಿಯೇ ಇತ್ತು.

"ಎಷ್ಟ್ ಅಕ್ಸರ ಇಡಿತದೆ?"

"ಮೂವತ್ತು. ಹೆಚ್ಚಾದ್ರೆ ವಿಮಾನಕ್ಕೆ ಭಾರ, ಜನಕ್ಕೂ ಓದೋಕಾಗಲ್ಲ."

"ಮೂವತ್ತಾ? ಸುಬ ಕೋರೋರ ಎಸ್ರಿಗೇ ಸಾಲಾಕಿಲ್ವಲ್ಲೋ!"

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಜಿಲ್ಲೆಯಲ್ಲಿ ಫ್ಲೆಕ್ಸು ಎಂದರೆ ಜಾಹೀರಾತಲ್ಲ, ಪಂಕ್ತಿ. ಒಂದು ಚಪ್ಪಲಿ ಅಂಗಡಿ ತೆರೆದರೂ ಕೆಳಗೆ 'ಶುಭ ಕೋರುವವರು' ಎಂದು ಇಪ್ಪತ್ತು ಹೆಸರು ಬರಬೇಕು. ಚಪ್ಪಲಿಯ ಮಾತು ಮೂಲೆಯಲ್ಲಿದ್ದರೂ ಆಯಿತು. ಯಾರ ಹೆಸರು ಮೇಲೆ, ಯಾರದು ಅದರ ಕೆಳಗೆ ಎಂಬುದಕ್ಕೆ ನನ್ನ ಅಂಗಡಿಯಲ್ಲಿ ಅಣ್ಣತಮ್ಮಂದಿರು ಕತ್ತಿನ ಪಟ್ಟಿ ಹಿಡಿದಿದ್ದಾರೆ. ಬಿಟ್ಟುಹೋದವನು ಆ ಅಂಗಡಿಯ ಮೆಟ್ಟಿಲನ್ನು ಜನ್ಮದಲ್ಲಿ ಹತ್ತುವುದಿಲ್ಲ, ಅವನ ಬೀಗರೂ ಹತ್ತುವುದಿಲ್ಲ.

"ಬರ್ಕಳ್ಳಾ," ಎಂದ ಚಿಕ್ಕ. "ಬೆಲ್ಲದ ಮಂಡಿ ಪುಟ್ಟಣ್ಣ ಮದ್ಲು. ಅವ್ನ ಎಸ್ರ ಜೊತ್ಗೆ ಅವ್ರಪ್ಪುಂದು. ಅವ್ನ ಬಾಮೈದನ್ನ ಬುಟ್ರೆ ಮನೇಲಿ ಜಗಳ ಆಯ್ತದೆ. ಮಾಜಿ ಅಧ್ಯಕ್ಸರ ಆಕು. ಹಾಲಿ ಅಧ್ಯಕ್ಸರ ಆಕ್ಲಿಲ್ಲ ಅಂದ್ರೆ ಇಮಾನ ಹಾರಾಕೇ ಬುಡಾಕಿಲ್ಲ."

"ಐವತ್ತೆಂಟು ಆಯ್ತು ಕಣೋ, ಇನ್ನೂ ಬೆಲ್ಲ ಅನ್ನೋ ಮಾತೇ ಬಂದಿಲ್ಲ."

"ಬೆಲ್ಲ ಯಾಕ್ಲಾ? ಅವ್ನು ಬೆಲ್ಲ ಮಾರ್ತಾನೆ ಅಂತ ಊರ್ಗೆಲ್ಲಾ ಗೊತ್ತು!"

ಇಬ್ಬರೂ ನಕ್ಕೆವು. ಹಾಸಿಗೆಯ ಅಂಚಿನಲ್ಲಿ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಹೇಳಬೇಕಾದ್ದನ್ನು ಹೇಳಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆ ಎನ್ನುವುದಕ್ಕೆ ಇನ್ನೊಂದು ಫೋನು ಎಂದರ್ಥ.

ಏಳೂವರೆ, ಗುರುವಾರ

"ಸೀಕಂಠ, ಒಂದ್ ಒಳ್ಳೆ ಸಮಾಚಾರ. ಆಟೋ, ಮೈಕು, ಎಲ್ಡೂ ಮಾರ್ಬುಡ್ತಾ ಇವ್ನಿ. ನಿಮ್ ಮಳವಳ್ಳಿಯೋನೇ ಗಿರಾಕಿ. ನಾಳಿಕ್ ಬತ್ತಾನೆ. ಆಕಾಸ್ದಲ್ಲಿ ಅಂಗ್ಡಿ ಮಡಗೋನ್ಗೆ ನೆಲದ ಮ್ಯಾಲೆ ಆಟೋ ಯಾಕೆ?"

ಆ ಮೈಕಿನ ಮೇಲೆ ಅವನ ಮನೆ ನಡೆಯುತ್ತದೆ. ನಾನು ಇನ್ನೊಂದು ದಿನ ಸುಮ್ಮನಿದ್ದರೆ ಅದು ಹೋಗುತ್ತದೆ. ಮಾತಾಡಿದರೆ ಈ ಏಳೂವರೆ ಹೋಗುತ್ತದೆ. ತಪ್ಪಾಗಬಹುದಾದ ಎಲ್ಲವನ್ನೂ ಮೊದಲೇ ಊಹಿಸುವ ನನಗೆ, ಎರಡರಲ್ಲಿ ಒಂದನ್ನು ಆರಿಸಿ ಮಾತ್ರ ಅಭ್ಯಾಸವಿರಲಿಲ್ಲ.

"ಮಾರಬೇಡ" ಎಂದೆ.

"ಯಾಕ್ಲಾ?"

"ಇದು ನಮ್ಮೂರಿಗೆ ಆಗಲ್ಲ ಕಣೋ ಚಿಕ್ಕ. ಇಲ್ಲಿ ಜನ ಮಲಕ್ಕೊಂಡು ನೋಡ್ತಾರೆ. ನಮ್ಮಲ್ಲಿ ಯಾರೂ ತಲೆ ಎತ್ತಲ್ಲ. ವೈರಿನ ಮೇಲೆ, ಮನೆಗಳ ಮೇಲೆ ಇದನ್ನ ಎಳೆಯೋದು ಯಾರಾದ್ರೂ ಒಪ್ಪೋ ಮಾತಾ? ಒಪ್ಪಿದ್ರೂ, ಐದು ಮಾತಲ್ಲಿ ಮುಗಿಸೋನು ನಮ್ಮ ಜಿಲ್ಲೇಲಿ ಒಬ್ಬ ಇದ್ರೆ ತೋರಿಸು. ನಿನ್ ಮೈಕೇ ಸರಿ. ಬೀದಿ ಒಳಗೆ ಬರುತ್ತೆ, ಅಡಿಗೆ ಮನೇವರೆಗೂ ಕೇಳುತ್ತೆ."

ಆ ಕಡೆ ಬಸ್ಸಿನ ಹಾರನ್ನು ಕೇಳಿಸಿತು.

"ನೀನ್ ಎದ್ರಿಕೆಗೆ ಏಳ್ತಾ ಇದ್ದೀಯ."

"ಈ ಸಲ ಅಲ್ಲ ಕಣೋ. ಮಂಗಳವಾರವೇ ಗೊತ್ತಾಗಿತ್ತು."

"ಮಂಗ್ಳಾರ್ವೇ ಗೊತ್ತಿತ್ತಾ? ನೆನ್ನೆ ಎಸ್ರೆಲ್ಲಾ ಬರ್ಕಂಡ್ಯಲ್ಲೋ! ಊರ್ಗೆಲ್ಲಾ ಏಳ್ಕಂಡ್ ತಿರುಗ್ತಿವ್ನಿ ನಾನು."

"ತಪ್ಪಾಯ್ತು."

"ಆಯ್ತು ಬುಡು."

ನಮ್ಮ ಕಡೆ ಜಗಳ ಕೂಗಾಡಿದರೆ ಭಯವಿಲ್ಲ. ಅಪ್ಪ ಅಮ್ಮನನ್ನೆಲ್ಲ ಎಳೆದು ಬೈದವರು ಸಂಜೆ ಒಂದೇ ಬೀಡಿ ಹಂಚಿಕೊಳ್ಳುತ್ತಾರೆ. 'ಆಯ್ತು ಬುಡು' ಎಂದು ದನಿ ಇಳಿಸಿ ಹೇಳಿದರೆ ಮಾತ್ರ ಕದ ಹಾಕಿಕೊಂಡ ಹಾಗೆ. ಆ ಎರಡು ಮಾತಿನಿಂದ ಹದಿನೈದು ವರ್ಷ ಮಾತು ಬಿಟ್ಟ ದಾಯಾದಿಗಳನ್ನು ನಾನು ಬಲ್ಲೆ.

ಕಾರುಗಳ ಸಾಲು

ಶುಕ್ರವಾರ ಏಳೂವರೆಗೆ ಫೋನನ್ನು ಮೇಜಿನ ಮೇಲಿಟ್ಟುಕೊಂಡು ಕೂತೆ. ಎಂಟಾಯಿತು. ಚಾರ್ಜು ಇದೆಯೇ ನೋಡಿದೆ, ಇತ್ತು. ಶನಿವಾರವೂ ಹಾಗೆಯೇ. ನಾನೇ ಮಾಡಬಹುದಿತ್ತು. ಆದರೆ ಎಂಟು ತಿಂಗಳಲ್ಲಿ ಒಮ್ಮೆಯೂ ನಾನಾಗಿ ಮಾಡಿದವನಲ್ಲ. ಮಾಡಿದರೆ ಏನು ವಿಷಯ ಎಂದು ಕೇಳುತ್ತಾನೆ. ವಿಷಯ ಈಗ ಏನೂ ಇರಲಿಲ್ಲ.

ಅಲ್ಲಿಯವರ ಒಂದು ಪದ್ಧತಿ ನನಗೆ ಮೊದಲಿಂದ ವಿಚಿತ್ರವಾಗಿತ್ತು. ಮಧ್ಯಾಹ್ನ ದಂಡೆಯ ಪಕ್ಕದ ರಸ್ತೆಯಲ್ಲಿ ಕಾರುಗಳನ್ನು ಸಾಲಾಗಿ ಸಮುದ್ರಕ್ಕೆ ಮುಖ ಮಾಡಿ ನಿಲ್ಲಿಸುತ್ತಾರೆ. ಒಂದೊಂದು ಕಾರಿನಲ್ಲಿ ಒಬ್ಬೊಬ್ಬರು. ಗಾಜು ಏರಿಸಿಕೊಂಡು, ತೊಡೆಯ ಮೇಲಿಟ್ಟ ಪೊಟ್ಟಣದಿಂದ ತಿನ್ನುತ್ತ, ಎದುರಿನ ನೀರು ನೋಡುತ್ತಾರೆ. ಪಕ್ಕದ ಕಾರಿನ ಕಡೆ ತಿರುಗುವುದಿಲ್ಲ. ಊಟ ಮುಗಿದರೆ ಹೊರಟರು. ಮದ್ದೂರಿನಲ್ಲಿ ಒಬ್ಬ ಒಂದು ವಡೆ ತಿನ್ನಲು ಕೂತರೆ ಪಕ್ಕದವನು ಚಟ್ನಿ ಹೇಗಿದೆ ಎಂದು ಕೇಳದೆ ಬಿಡುವುದಿಲ್ಲ.

ಭಾನುವಾರ ಮಾರ್ಜ್ ನನ್ನನ್ನೂ ಆ ಸಾಲಿಗೆ ಕರೆದುಕೊಂಡು ಹೋದಳು. ಅವಳು ಸ್ಟೀರಿಂಗಿನ ಹಿಂದೆ, ನಾನು ಪಕ್ಕ. ಅವಳ ಬ್ರೆಡ್ಡು ಅವಳಿಗೆ, ನನ್ನ ಚಟ್ನಿಪುಡಿ ಅನ್ನ ನನಗೆ. ನಾವೂ ನೀರು ನೋಡುತ್ತ ತಿಂದೆವು.

"ಒಬ್ಬ ಇದ್ದ," ಎಂದಳು ಕೊನೆಗೆ. "ಒಂದು ಬೇಸಗೆ ಪೂರ್ತಿ, ಪ್ರತಿ ಭಾನುವಾರ, 'ಕ್ಷಮಿಸು' ಅಂತ ಹಾರಿಸಿದ. ಹೆಸರಿಲ್ಲ, ಏನಿಲ್ಲ. ದಂಡೆಯ ಅರ್ಧ ಜನ ತಮಗೇ ಹೇಳಿದ್ದು ಅಂದುಕೊಂಡರು."

"ಅವನ ಕೆಲಸ ಆಯಿತೇ?"

"ಗೊತ್ತಿಲ್ಲ. ಅಂಗಡಿಯವರು ಬಂದು ಹೇಳುತ್ತಾರೆ, ಇವತ್ತು ಇಷ್ಟು ಜನ ಬಂದರು ಅಂತ. ಇಂಥವರು ಬಂದು ಹೇಳುವುದಿಲ್ಲ." ಕೈ ಒರೆಸಿಕೊಂಡು ಕಾರು ಶುರು ಮಾಡಿದಳು. "ನಮ್ಮಲ್ಲಿ ವಾರ ದುಡಿದವರಿಗೆ ಕೊನೆಯ ದಿನ ಒಂದು ಸುತ್ತು ಬಿಟ್ಟಿ. ನಾಳೆ ಒಂಬತ್ತಕ್ಕೆ. ಬೈಗುಳ ಬಿಟ್ಟು ಏನು ಬೇಕಾದರೂ ಬರೆ."

ಒಂಬತ್ತು, ಸೋಮವಾರ

ಕನ್ನಡದ ಅಕ್ಷರಗಳು ಅವಳ ಷೆಡ್ಡಿನಲ್ಲಿ ಎಲ್ಲಿಂದ ಬರಬೇಕು? ಇಂಗ್ಲಿಷಿನವನ್ನೇ ಆರಿಸಿ ತಂದು ಒದ್ದೆ ಹುಲ್ಲಿನ ಮೇಲೆ ಹಾಸಿದೆ. ಮಂಡಿಯೂರಿ ಒಂದೊಂದಕ್ಕೂ ಕಡ್ಡಿ ಸಿಕ್ಕಿಸಿದೆ. ತಲೆಯಿಂದ ಬಾಲದವರೆಗೆ ಎರಡು ಸಲ ನಡೆದು ಓದಿದೆ: ಚಿಕ್ಕ ಫೋನ್ ಮಾಡು.

ಮಾರ್ಜ್ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅವಳಿಗೆ ನಡುವಿನ ಮಾತು ಮಾತ್ರ ತಿಳಿಯಿತು.

"ಇದು ಯಾರಿಗೆ?"

"ಗೆಳೆಯನಿಗೆ."

"ದಂಡೆಗೆ ಬರುತ್ತಾನೋ?"

"ಇಲ್ಲ, ಮದ್ದೂರಿನಲ್ಲಿದ್ದಾನೆ. ವಿಡಿಯೋ ತೆಗೆದು ಕಳಿಸುತ್ತೇನೆ."

"ಫೋನಿನಲ್ಲಿ ಕಳಿಸುತ್ತೀಯ?"

"ಹೌದು."

"ಹಾಗಾದರೆ ನೀನೇ ಫೋನು ಮಾಡಬಹುದಲ್ಲ?"

ನಾನು ಬಗ್ಗಿ ಕೊನೆಯ ಅಕ್ಷರದ ಕಡ್ಡಿಯನ್ನು ಇನ್ನೊಮ್ಮೆ ಬಿಗಿಮಾಡಿದೆ. ಅವಳು ತಲೆಯಾಡಿಸಿ ಗಳ ನೆಡಲು ಹೋದಳು. ನಾನು ದಂಡೆಯ ಕಡೆ ನಡೆದೆ.

ಅಷ್ಟು ಬೆಳಿಗ್ಗೆ ಮರಳಿನ ಮೇಲೆ ಇದ್ದದ್ದು ಇಬ್ಬರೇ. ನಾಯಿಯೊಂದಿಗೆ ಒಬ್ಬ ಹೆಂಗಸು, ಕಳೆದುಹೋದ ಉಂಗುರ ಹುಡುಕುವ ಯಂತ್ರ ಹಿಡಿದ ಒಬ್ಬ ಮುದುಕ. ಬಲಗಡೆ ದೂರದಲ್ಲಿ ಸೊಳ್ಳೆಯ ಸದ್ದು ಶುರುವಾಯಿತು. ಬಂತು. ಹದಿನೈದು ಕೆಂಪು ಅಕ್ಷರಗಳು ನೀಲಿಯ ಮೇಲೆ ಒಂದರ ಹಿಂದೊಂದು ನೆಟ್ಟಗೆ ನಿಂತಿದ್ದವು. ಮುದುಕ ತಲೆಯೆತ್ತಿ ಓದಿ, ಹುಬ್ಬು ಗಂಟಿಕ್ಕಿ, ಮತ್ತೆ ಮರಳಿಗೆ ತಿರುಗಿದ. ಅವನನ್ನು ನಾನು ಗಮನಿಸುತ್ತಲೇ ಫೋನು ತೆಗೆದು ವಿಡಿಯೋದ ಗುಂಡಿ ಒತ್ತಿದೆ.

ಒತ್ತಿದ ಮರುಕ್ಷಣ ಆಕಾಶ ಮಾಯವಾಗಿ ಪರದೆಯ ಮೇಲೆ ಚಿಕ್ಕನ ಹೆಸರು ಬಂತು. ವಿಡಿಯೋ ಕರೆ.

ಅವಸರಕ್ಕೆ ಬೆರಳು ಎರಡು ಸಲ ತಪ್ಪಿ, ಮೂರನೆಯ ಸಲಕ್ಕೆ ಒತ್ತಿದೆ.

"ಲೇ ಚಿಕ್ಕ! ಏನೂ ಮಾತಾಡ್ಬೇಡ, ವಿಮಾನದ ಬಾಲ ನೋಡು!" ಎಂದು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆತ್ತಿದೆ. ವಿಮಾನ ಸರಿಯಾಗಿ ಎದುರಿಗೆ ಬಂದಿತ್ತು. ಅದರ ಜೊತೆಗೆ ಮರಳಿನ ಮೇಲೆ ಅಡ್ಡಡ್ಡ ಓಡಿದೆ. ನಾಯಿ ನನ್ನ ಹಿಂದೆ ಓಡಿತು. "ಕಾಣ್ತಾ ಇದ್ಯೇನೋ?"

"ಕಾಣ್ತದೆ."

"ಪೂರ್ತಿ ಕಾಣ್ತಾ?"

"ಪೂರ್ತಿ ಕಾಣ್ತದೆ ಕಣ್ಲಾ, ಕಿರುಚ್ಬ್ಯಾಡ."

ವಿಮಾನ ಎಡಗಡೆ ಸಾಗಿ, ಸಣ್ಣದಾಗಿ, ಓದಲು ಬಾರದಂತಾಯಿತು. ನಾನು ಏದುಸಿರು ಬಿಡುತ್ತ ಮರಳಿನ ಮೇಲೆ ಕುಕ್ಕರಿಸಿದೆ. ಮದ್ದೂರಿನಲ್ಲಿ ದೀಪ ಹೊತ್ತಿತ್ತು. ಬೆಂಚಿನ ಹಿಂದೆ ಅವನ ಆಟೋ, ಅದರ ನೆತ್ತಿಯ ಮೇಲೆ ಮೈಕು.

"ಮಾರಲಿಲ್ವಾ?"

"ನೀನೇ ಬ್ಯಾಡ ಅಂದ್ಯಲ್ಲಪ್ಪ. ಈಗಿನ್ನೂ ಬಟ್ಟೆ ಅಂಗ್ಡಿದು ಕೂಗ್ಬುಟ್ಟು ಬಂದು ಕೂತ್ಕಂಡೆ."

"ಏನ್ ವಿಷಯ, ಫೋನ್ ಮಾಡಿದ್ದು?"

"ಇಸ್ಯ ಏನಿಲ್ಲ."

"ಏನಿಲ್ಲ ಅಂದ್ರೆ?"

"ಏನಿಲ್ಲ ಅಂದ್ರೆ ಏನಿಲ್ಲ ಕಣ್ಲಾ. ಎಡಗೈಗೆ ಟೀ ಗಲಾಸ್ ಬಂತು ಅಂದ್ರೆ ಬಲಗೈ ಅಂಗೇ ಜೇಬ್ಗೆ ಓಯ್ತದೆ. ಮೂರ್ ದಿನ ಇಡ್ಕಂಡೆ. ಇವತ್ತು ಆರೂವರೆ ಗಂಟ ಇಡ್ಕಂಡೆ. ಇದ್ಯಾವ್ ಕರ್ಮ ಅಂತ ಒತ್ಬುಟ್ಟೆ."

ನಾನು ಸಮುದ್ರದ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಗಾಳಿಗೆ ಕಣ್ಣಲ್ಲಿ ಮರಳು ಬಿದ್ದಿತ್ತು.

"ಅದಿರ್ಲಿ, ಅದೇನ್ ಬರ್ಸಿದ್ದೋ ಇಮಾನದ್ ಬಾಲ್ಕೆ?"

"ಓದಲಿಲ್ವಾ? ಪೂರ್ತಿ ಕಾಣ್ತದೆ ಅಂದ್ಯಲ್ಲೋ!"

"ಪೂರ್ತಿ ಕಂಡಿದ್ದು ನಿನ್ ಮೂಗ್ನೊಳ್ಳೆ. ಎಲ್ಡೂವೆ. ಪಕ್ದಲ್ಲಿ ಒಸಿ ಆಕಾಸ. ಆಮೇಕೆ ಯಾವ್ದೋ ನಾಯಿ. ಪಾಪ, ಅಷ್ಟ್ ಕುಣಿತಾ ಅವ್ನಲ್ಲ, ಬೇಜಾರ್ ಮಾಡ್ಕತ್ತಾನೆ ಅಂತ ಊ ಅಂದೆ. ಏನ್ ಬರ್ಸಿದ್ದೆ, ಏಳ್ಲಾ."

"ವಿಷಯ ಏನಿಲ್ಲ ಕಣೋ" ಎಂದೆ.

ತಪ್ಪಾದದ್ದು ಅಷ್ಟೇ. ಕ್ಯಾಮೆರಾ ನನ್ನ ಕಡೆಗೆ ತಿರುಗಿತ್ತು.